ಮೂರೂವರೆ ಗಂಟೆಯ ತೊಳೆತ

ಮಾರ್ಚ್ ೪, ಮಂಗಳವಾರ

ಇವತ್ತೂ ತಟ್ಟೆಗಳನ್ನೆಲ್ಲ ನಲ್ಲಿಯಡಿ ತೊಳೆದೇ ಮೈದುನನ ಹೆಂಡತಿ ತಂದ ಪಾತ್ರೆ ತೊಳೆಯುವ ಮಷಿನ್ನಿನೊಳಗೆ ಇಟ್ಟೆ. ಅವಳು ಕೆಲಸಕ್ಕೆ ಹೋದ ಮೇಲೆ. ಇದ್ದರೆ ಶುರು ಹಚ್ಚಿಕೊಳ್ಳುತ್ತಾಳೆ — "ಅಕ್ಕ, ತೊಳೆಯೋ ಮಷಿನ್‌ಗೆ ತೊಳೆದ ಪಾತ್ರೆ ಯಾಕೆ ಹಾಕ್ತೀರಿ? ಸ್ನಾನ ಮಾಡ್ಕೊಂಡು ಸ್ನಾನಕ್ಕೆ ಹೋಗ್ತೀರಾ?" ನಗು ಬೇರೆ. ಮೈದುನನೂ ನಕ್ಕ. ಇವರು ಪೇಪರ್ ಹಿಂದೆ ಮುಖ ಮುಚ್ಚಿಕೊಂಡಿದ್ದರು, ಭುಜ ಅಲುಗಿದ್ದು ಕಂಡಿತು.

ನಗಲಿ. ಐದು ಜನ ಉಂಡ ಎಂಜಲನ್ನು ಹಾಗೇ ಒಂದು ಪೆಟ್ಟಿಗೆಗೆ ತುಂಬಿ, ಬಾಗಿಲು ಹಾಕಿ, ಗುಂಡಿ ಒತ್ತಿ, ಕೈ ಒರೆಸಿಕೊಂಡು ಹೋಗುವುದು ನನ್ನಿಂದಾಗದು. ಒಳಗೆ ಎಲ್ಲರ ಎಂಜಲೂ ಒಂದೇ ನೀರಿನಲ್ಲಿ ಸುತ್ತುತ್ತದೆ. ಅದಕ್ಕೆ ಕ್ಲೀನ್ ಅಂತ ಹೆಸರು.

ಮದುವೆಯಾಗಿ ಬಂದಾಗಿನಿಂದ ಈ ಸಿಂಕಿನ ಮುಂದೆ ನಿಂತವಳು. ಪಾತ್ರೆ ತಿಕ್ಕುವಾಗಲೇ ನನ್ನ ಜಪ. ಒಂದೊಂದು ತಟ್ಟೆಗೆ ಒಂದೊಂದು ಸಲ ದೇವರ ಹೆಸರು, ತಳ ಹಿಡಿದ ಪಾತ್ರೆಗೆ ಹೆಚ್ಚು ಸಲ. ಈಗ ತಿಕ್ಕುವುದಿಲ್ಲ, ಬರೀ ನೀರು ಹಾಯಿಸುವುದು, ಕೈ ಖಾಲಿ. ಕೈ ಖಾಲಿಯಿದ್ದರೆ ನನಗೆ ಜಪ ಬರುವುದಿಲ್ಲ, ಬೈಗುಳ ಬರುತ್ತದೆ. ಅದೂ ಅವಳ ಲೆಕ್ಕಕ್ಕೇ.

ದೇವರೇ, ನನಗೆ ತಾಳ್ಮೆ ಕೊಡು, ಅವಳಿಗೆ ಬುದ್ಧಿ ಕೊಡು. ಮೊದಲು ಅವಳದ್ದು ನೋಡು. ನನ್ನದು ಆಮೇಲಾದರೂ ನಡೆದೀತು.

ಮಾರ್ಚ್ ೬, ಗುರುವಾರ, ಮಧ್ಯಾಹ್ನ

ಮೈದುನನ ಹೆಂಡತಿ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಎದುರಿಗೆ 'ತಂಗಿ' ಅನ್ನುತ್ತೇನೆ. ಇಲ್ಲಿ ಲ್ಯಾಬಮ್ಮ ಅಂತಲೇ ಬರೆಯುವುದು. ಬಿಸಿನೀರು ಇಷ್ಟು ಡಿಗ್ರಿ ಆದರೆ ಹುಳ ಸಾಯುತ್ತವೆ, ಅಷ್ಟು ಡಿಗ್ರಿ ಆದರೆ ಮರಿಗಳೂ ಸಾಯುತ್ತವೆ. ಊಟಕ್ಕೆ ಕೂತಾಗ ಇದೇ ಮಾತು. ಅನ್ನ ಗಂಟಲಲ್ಲಿ ಇಳಿಯಬೇಡವೇ?

ಮನೆ ಎರಡು ಮಹಡಿ. ಕೆಳಗೆ ನಾನು, ಇವರು. ಮೇಲೆ ಅವರು ಮೂವರು. ಅಡುಗೆಮನೆ ಮಾತ್ರ ಒಂದೇ, ಕೆಳಗೆ. ಅತ್ತೆ ಹೋಗುವ ಮುಂಚೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದು ಒಂದೇ ಮಾತು — "ಒಲೆ ಎರಡು ಮಾಡ್ಬೇಡಿ." ಅದಕ್ಕೇ ಇಬ್ಬರೂ ಹಲ್ಲು ಕಚ್ಚಿಕೊಂಡು ಒಂದೇ ಒಲೆಯ ಮುಂದೆ ನಿಂತಿದ್ದೇವೆ. ಅತ್ತೆಯ ಮಾತಿಗೆ ಅಂತ ಹೊರಗೆ ಹೇಳುತ್ತೇನೆ. ನಿಜ ಬೇರೆ. ಒಲೆ ಒಂದಿದ್ದರೆ ಗುಬ್ಬಿ ಉಣ್ಣಲು ಕೆಳಗೆ ಬರುತ್ತಾಳೆ.

ಗುಬ್ಬಿ ಅವಳ ಮಗಳು. ಎಂಟು ವರ್ಷ. ನನ್ನ ಹೊಟ್ಟೆಯಲ್ಲಿ ಯಾರೂ ಹುಟ್ಟಲಿಲ್ಲ. ಹೆತ್ತು ನಾಲ್ಕು ತಿಂಗಳಿಗೆ ಲ್ಯಾಬಮ್ಮ ಕೆಲಸಕ್ಕೆ ಹೊರಟಾಗ ಮಗು ನನ್ನ ಮಡಿಲಿಗೆ ಬಂತು. ಮೊದಲ ತುತ್ತು ನನ್ನ ಕೈಯದು. ಇವತ್ತಿಗೂ ಶಾಲೆಯಿಂದ ಬಂದವಳು ಚೀಲ ಬಿಸಾಡಿ "ದೊಡ್ಡಮ್ಮಾ, ಹಸಿವು" ಅಂತಲೇ ಒಳಗೆ ಬರುವುದು.

ಅವಳ ತಟ್ಟೆ, ಚಮಚ, ಹಾಲಿನ ಲೋಟ — ಈ ಮೂರನ್ನು ಆ ಪೆಟ್ಟಿಗೆಗೆ ಹಾಕುವುದಿಲ್ಲ. ಆ ಸೋಪಿನ ಬಿಲ್ಲೆಯ ವಾಸನೆ ಮಗುವಿನ ಹೊಟ್ಟೆಗೆ ಹೋಗುವುದು ಬೇಡ. ನನ್ನ ಕೈಯಲ್ಲೇ ತೊಳೆದು, ಅತ್ತೆಯ ಹಳೆಯ ಹತ್ತಿ ಬಟ್ಟೆಯ ತುಂಡಿನಲ್ಲಿ ಒರೆಸಿ, ಅಕ್ಕಿ ಡಬ್ಬದ ಹಿಂದೆ ಇಡುತ್ತೇನೆ. ಬಟ್ಟೆ ಬಾಗಿಲ ಹಿಂದಿನ ಮೊಳೆಗೆ. ತೊಳೆಯುವಾಗ ಅವಳ ಹೆಸರಲ್ಲಿ ಒಂದು ಪ್ರಾರ್ಥನೆ. ಗುಬ್ಬಿಗೆ ಹೇಳಿದ್ದೇನೆ, ಇದು ನಮ್ಮಿಬ್ಬರ ಗುಟ್ಟು.

ಮಾರ್ಚ್ ೧೬, ಭಾನುವಾರ

ಏನು ಹೇಳಲಿ.

ಮೈದುನನ ಸ್ನೇಹಿತರು ಸಂಸಾರ ಸಮೇತ ಊಟಕ್ಕೆ ಬಂದಿದ್ದರು. ಹೋದ ಮೇಲೆ ಪಾತ್ರೆಯ ಗುಡ್ಡ. ನಾನು ನಲ್ಲಿ ತಿರುಗಿಸಿದೆ, ಅಷ್ಟೇ.

"ಅಕ್ಕ, ಸಂಜೆಯೊಳಗೆ ಟ್ಯಾಂಕ್ ಖಾಲಿ ಮಾಡ್ತೀರಿ ನೀವು."

"ನಿನ್ನ ಪೆಟ್ಟಿಗೆ ಮೂರೂವರೆ ಗಂಟೆ ಗೊಟಗೊಟ ಕುಡಿಯುತ್ತಲ್ಲ, ಅದಕ್ಕೇನು ಬೇರೆ ಟ್ಯಾಂಕ್ ಇದೆಯಾ?"

"ಅದು ಕುಡಿಯೋದು ಒಂದು ಬಕೆಟ್ಟೂ ಅಲ್ಲ. ಒಂದೇ ನೀರನ್ನ ತಿರುಗಿಸಿ ತಿರುಗಿಸಿ ಚಿಮ್ಮುತ್ತೆ."

"ಹೇಳೋಕೇನು."

"ಅಳೆಯೋಣ."

"ಅಳಿ. ಯಾರು ಬೇಡ ಅಂದ್ರು?"

ಗಂಡಸರಿಗೆ ಭಾನುವಾರ ಬೇರೆ ಕೆಲಸವಿಲ್ಲ, ಹುರುಪು ಬಂತು. ಮೈದುನ ಸಿಂಕಿನ ಅಡಿಯ ಪೈಪು ಬಿಚ್ಚಿ ಬಕೆಟ್ ಇಟ್ಟ. ಮಷಿನ್ನಿನ ಪೈಪಿಗೂ ಒಂದು ಬಕೆಟ್. ಪಾಲು ಹಾಕಿದ್ದು ಗುಬ್ಬಿ. "ಇದು ಅಮ್ಮಂಗೆ, ಇದು ದೊಡ್ಡಮ್ಮಂಗೆ, ಇದು ಅಮ್ಮಂಗೆ..." ತಳ ಹಿಡಿದ ಪಾತ್ರೆ ಅಮ್ಮನ ಪಾಲಿಗೆ ಹಾಕಿದಳು. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ನನ್ನ ಬಂಗಾರ.

ಲ್ಯಾಬಮ್ಮ ನೀರು ಕಡಿಮೆ ಕುಡಿಯುವ ಇಕೋ ಅನ್ನುವ ಗುಂಡಿ ಒತ್ತಿದಳು. ನಾನು ಸೆರಗು ಸಿಕ್ಕಿಸಿ ನಿಂತೆ. ನೀರು ಪೋಲು ಮಾಡಿದರೆ ದೇವರು ಮೆಚ್ಚುವುದಿಲ್ಲ ಅಂತ ಈ ಮನೆಯಲ್ಲಿ ಎಲ್ಲರಿಗೂ ಹೇಳುವವಳೇ ನಾನು. ಸೋಲುವ ಮಾತೆಲ್ಲಿ?

ಅರ್ಧವೂ ತಿಕ್ಕಿರಲಿಲ್ಲ, ಮೈದುನ "ಬಕೆಟ್ ತುಂಬಿತು" ಅಂದ. ಇನ್ನೊಂದು ಇಟ್ಟ. "ಅತ್ತಿಗೆ, ಇದೂ ತುಂಬಿತು." ಇವರು ಎದ್ದು ಬಂದು ಬಗ್ಗಿ ನೋಡಿದರು. ನಾನು ನಲ್ಲಿ ಸಣ್ಣ ಮಾಡಿದೆ. ಆದರೂ ಮೂರನೆಯದು ತುಂಬಿ ನಾಲ್ಕನೆಯದಕ್ಕೆ ಬಿತ್ತು.

ಸಂಜೆ ಮಷಿನ್ ನಿಂತಾಗ ಅದರ ಬಕೆಟ್ಟಿನ ಕಂಠದವರೆಗೂ ನೀರು ಬಂದಿರಲಿಲ್ಲ. ತಳ ಹಿಡಿದ ಪಾತ್ರೆ ಹೊಳೆಯುತ್ತಿತ್ತು.

ಲ್ಯಾಬಮ್ಮ ಮಾತು ಆಡಿದ್ದರೆ ಆಡಿದ್ದಕ್ಕೆ ಉತ್ತರ ಕೊಡುತ್ತಿದ್ದೆ. ನನ್ನ ಬಕೆಟ್ಟುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ ಅಂಗಳ ತೊಳೆದಳು. ನಿಧಾನವಾಗಿ. ಮೂಲೆಮೂಲೆಯನ್ನೂ. ಬೀದಿಯವರೆಲ್ಲ ನೋಡಲಿ ಅನ್ನುವ ಹಾಗೆ.

ಮಾರ್ಚ್ ೧೭, ಸೋಮವಾರ

ಬೆಳಿಗ್ಗೆ ದೇವರ ಮುಂದೆ ಕೂತಾಗಲೂ ಅದೇ ಬಕೆಟ್ ಕಣ್ಣ ಮುಂದೆ.

ಊರಲ್ಲಿ ಬಾವಿ ಸೇದುತ್ತಿದ್ದಾಗ ಒಂದು ಬಿಂದಿಗೆಯಲ್ಲಿ ಇಡೀ ಮನೆಯ ಪಾತ್ರೆ ತೊಳೆದವಳು ನಾನು. ಸೇದಿದ ರಟ್ಟೆಗೆ ನೀರಿನ ಭಾರ ಗೊತ್ತಿತ್ತು. ನಲ್ಲಿ ಬಂದ ಮೇಲೆ ರಟ್ಟೆ ಮರೆತಿದೆ. ಇದನ್ನು ಅವಳ ಮುಂದೆ ಹೇಳುವುದುಂಟೇ? ಸತ್ತರೂ ಇಲ್ಲ.

ಆದರೂ ತೊಳೆದೇ ಇಡುತ್ತೇನೆ. ನಲ್ಲಿ ಸಣ್ಣ ಮಾಡಿಕೊಂಡು.

ಮಾರ್ಚ್ ೨೮, ಶುಕ್ರವಾರ

ದೇವರು ಕಣ್ಣು ಬಿಟ್ಟ.

ಮಷಿನ್ನಿನಿಂದ ತೆಗೆದ ಲೋಟಗಳ ಒಳಗೆ ಹಾಲಿನ ಕೆನೆ ಒಣಗಿ ಅಂಟಿಕೊಂಡಿದೆ. ಮೈದುನನದ್ದು, ಇವರದ್ದು. ನಿನ್ನೆಯೂ ಹಾಗೇ. ಮೊನ್ನೆಯೂ. ಲೋಟ ಬೆಳಕಿಗೆ ಹಿಡಿದು ಅವಳಿಗೆ ತೋರಿಸಿದೆ. "ನಿನ್ನ ಲ್ಯಾಬಲ್ಲಿ ಇದಕ್ಕೆ ಏನಂತಾರೆ?"

ಮುಖ ಕೆಂಪಗಾಯಿತು. "ಮಷಿನ್ ಸರಿ ಇಲ್ಲ. ಮೆಕ್ಯಾನಿಕ್‌ಗೆ ಹೇಳ್ತೀನಿ."

"ಹೇಳು ಹೇಳು. ಬಂದೋನಿಗೆ ಹಾಲು ಕೊಡೋಣ. ಇದೇ ಲೋಟದಲ್ಲಿ."

ಊಟ ಚೆನ್ನಾಗಿ ಸೇರಿತು ಇವತ್ತು.

ಏಪ್ರಿಲ್ ೨, ಬುಧವಾರ

ಮೆಕ್ಯಾನಿಕ್ ಬಂದಿದ್ದ. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುವವನು. ಬಾಗಿಲು ತೆಗೆದು, ಒಳಗಿದ್ದ ತಟ್ಟೆಗಳನ್ನು ನೋಡಿ, ನನ್ನ ಕಡೆ ತಿರುಗಿದ.

"ತಟ್ಟೆ ತೊಳೆದು ಇಡೋರು ಯಾರಮ್ಮ?"

ಲ್ಯಾಬಮ್ಮ ಗೋಡೆ ನೋಡುತ್ತಾ ನಿಂತಳು. ಅವಳ ಬೆನ್ನೂ ನಗುತ್ತಿತ್ತು.

"ಆಟೋ ಗುಂಡಿ ಒತ್ತಿದ್ರೆ ಇದು ಮೊದಲು ನೀರನ್ನ ನೋಡುತ್ತಮ್ಮ. ನೀರು ಕೊಳೆಯಾದ್ರೆ ತುಂಬ ಹೊತ್ತು ತೊಳೆಯುತ್ತೆ. ತಿಳಿಯಾಗಿದ್ರೆ, ಓ, ಇವತ್ತು ಕೆಲಸ ಇಲ್ಲ ಅಂತ ಬೇಗ ಮುಗಿಸಿಬಿಡುತ್ತೆ. ನೀವು ತಟ್ಟೆ ತೊಳೆದು ಇಡ್ತೀರಿ, ಯಜಮಾನ್ರು ಲೋಟ ಹಾಗೇ ಇಡ್ತಾರೆ. ತಟ್ಟೆ ನೋಡಿ ಅದಕ್ಕೆ ಮೋಸ ಆಗಿದೆ. ಮಷಿನ್ ಸರಿಯಾಗೇ ಇದೆ."

ಮೋಸ. ನನ್ನ ಅಡುಗೆಮನೆಯಲ್ಲಿ, ನನ್ನ ಕೈ ತೊಳೆತಕ್ಕೆ, ಒಬ್ಬ ಅನ್ಯ ಗಂಡಸು ಆಡಿದ ಮಾತು. ಚೆನ್ನಾಗಿ ತೊಳೆದದ್ದೇ ತಪ್ಪಂತೆ.

ಅವನು ಹೋದ ಮೇಲೆ ಲ್ಯಾಬಮ್ಮ ಬಾಗಿಲಲ್ಲಿ ನಿಂತು, "ಅಕ್ಕ, ಬರೀ ಕೆರೆದು ಹಾಕಿ. ಕೈ ಮುಗೀತೀನಿ" ಅಂದಳು. ಕೈ ಮುಗಿದಳು ಕೂಡ. ಅದು ಹೊಡೆದ ಹಾಗಿತ್ತು.

ಇವರನ್ನು ಕೇಳಿದೆ, ನಿಮಗೇನನ್ನಿಸುತ್ತೆ ಅಂತ. "ನನಗೇನನ್ನಿಸ್ಬೇಕು? ಊಟ ಹಾಕು" ಅಂದರು.

ಇವತ್ತಿನಿಂದ ಕೆರೆದು ಹಾಕುತ್ತಿದ್ದೇನೆ. ಅಕ್ಕಿ ಡಬ್ಬದ ಹಿಂದಿನದನ್ನು ಮಾತ್ರ ಯಾರಪ್ಪ ಬಂದು ಹೇಳಿದರೂ ಹಾಕುವುದಿಲ್ಲ.

ಏಪ್ರಿಲ್ ೧೯, ಶನಿವಾರ

ಗುಬ್ಬಿಗೆ ವಾಂತಿ. ಬೆಳಗಿನಿಂದ ಬಿಟ್ಟೂ ಬಿಡದೆ. ಹೊಟ್ಟೆಯೂ ಕೆಟ್ಟಿದೆ. ತುಟಿ ಒಣಗಿದೆ. ದೀಪ ಹಚ್ಚಿಟ್ಟಿದ್ದೇನೆ. ಆಸ್ಪತ್ರೆಗೆ ಕರೆದುಕೊಂಡು ಹೊರಟರು, ನನ್ನನ್ನು ಬರ ಹೇಳಲಿಲ್ಲ. ಹೋಗುತ್ತೇನೆ. ಯಾರು ತಡೆಯುತ್ತಾರೋ ನೋಡುತ್ತೇನೆ.

ಏಪ್ರಿಲ್ ೨೦, ಭಾನುವಾರ, ಬೆಳಿಗ್ಗೆ

ಡ್ರಿಪ್ ಹಾಕಿದ್ದಾರೆ. ಆ ಸಣ್ಣ ಕೈಗೆ ಅಷ್ಟು ದಪ್ಪ ಪಟ್ಟಿ. ಈಗ ಪರವಾಗಿಲ್ಲ, ನಾಳೆ ಬಿಡುತ್ತಾರೆ.

ಡಾಕ್ಟರು ಹೇಳಿದ್ದು: "ಹೊರಗಿನ ನೀರಿರಬಹುದು, ಹೊರಗೆ ತಿಂದದ್ದಿರಬಹುದು, ಪಾತ್ರೆ ಇರಬಹುದು. ಇಂಥದ್ದೇ ಅಂತ ಹೇಳೋಕಾಗಲ್ಲ." ಅಕ್ಷರ ಅಕ್ಷರ ನೆನಪಿಟ್ಟುಕೊಂಡಿದ್ದೇನೆ. ಹೇಳೋಕಾಗಲ್ಲ.

ಲ್ಯಾಬಮ್ಮ, "ಪಾತ್ರೆ ಇರಲ್ಲ ಡಾಕ್ಟ್ರೇ. ನಮ್ಮನೇಲಿ ಎಲ್ಲ ಮಷಿನ್ನಲ್ಲೇ, ಬಿಸಿನೀರಲ್ಲೇ" ಅಂದಳು. ಹೆಮ್ಮೆಯಿಂದ.

ಮಂಚದ ಮೇಲಿನಿಂದ ಗುಬ್ಬಿ, ಎಷ್ಟು ಸಣ್ಣ ದನಿ — "ನನ್ನ ತಟ್ಟೆ ಹಾಕಲ್ಲಮ್ಮ. ಅದನ್ನ ದೊಡ್ಡಮ್ಮನೇ ತೊಳೆಯೋದು. ಲೋಟಾನೂ. ಅದು ನಮ್ಮ ಗುಟ್ಟು."

ಮಗು ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಿತು. ಗುಟ್ಟು ಹೇಳಿಬಿಟ್ಟೆ ಅಂತ.

ಲ್ಯಾಬಮ್ಮ ಹೊರಗಿನ ಬೆಂಚಿನ ಹತ್ತಿರ ಬಂದು, "ಎಷ್ಟು ದಿನದಿಂದ?" ಅಂದಳು.

"ಮೊದಲಿನಿಂದಲೂ."

"ಯಾವುದರಲ್ಲಿ ಒರೆಸ್ತೀರಿ?"

ಹೇಳಿದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

"ಆ ಬಾಗಿಲ ಹಿಂದಿನ ಬಟ್ಟೇನಾ?"

ಏಪ್ರಿಲ್ ೨೧, ಸೋಮವಾರ

ಗುಬ್ಬಿ ಮನೆಗೆ ಬಂದಳು. ಮೇಲೆಯೇ ಮಲಗಿಸಿದ್ದಾರೆ. ಗಂಜಿ ಮಾಡಿಕೊಂಡು ಹೋದೆ. ಲ್ಯಾಬಮ್ಮ ಬಾಗಿಲಲ್ಲೇ ತೆಗೆದುಕೊಂಡಳು. ಸಂಜೆ ನೋಡಿದರೆ ಹಾಗೇ ವಾಪಸು ಬಂದಿದೆ. ಬಟ್ಟಲಿನ ಮುಚ್ಚಳ ಕೂಡ ತೆಗೆದಿಲ್ಲ.

ಮೊಳೆಯ ಮೇಲೆ ಬಟ್ಟೆ ಇಲ್ಲ.

ಏಪ್ರಿಲ್ ೨೪, ಗುರುವಾರ

ಸಾಯುವವರೆಗೂ ಮರೆಯುವುದಿಲ್ಲ.

ಲ್ಯಾಬಮ್ಮ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. ಚೀಲದಿಂದ ಎರಡು ಗಾಜಿನ ಬಿಲ್ಲೆ ತೆಗೆದು ಒಲೆಯ ಪಕ್ಕ ಇಟ್ಟಳು. ಅಂಗೈಯಗಲದ್ದು, ಮುಚ್ಚಳ ಇರುವಂಥದ್ದು. ಒಳಗೆ ಗಟ್ಟಿ ಕೆನೆಯಂಥ ಏನೋ.

"ಇದು ಮಷಿನ್ನಿಂದ ತೆಗೆದ ತಟ್ಟೆಗೆ ಹತ್ತಿ ಸವರಿ ಇದರ ಮೇಲೆ ಎಳೆದು ಹುಳ ಬೆಳೆಯೋಕೆ ಬಿಟ್ಟಿದ್ದು."

ಬರೀ ಒಂದೆರಡು ಚುಕ್ಕೆ.

"ಇದು ನಿಮ್ಮ ಬಟ್ಟೆ."

ಹಳದಿ, ಬಿಳಿ, ಬೂದು. ಒಂದರ ಮೇಲೊಂದು. ಜಾಗವೇ ಇಲ್ಲ. ಮುಚ್ಚಳದವರೆಗೂ ಬೆಳೆದಿತ್ತು.

"ನೋಡಿ ಅಕ್ಕ. ಚೆನ್ನಾಗಿ ನೋಡಿ. ಇದನ್ನ ನನ್ನ ಮಗಳ ತಟ್ಟೆಗೆ ದಿನಾ ಸವರಿದ್ದೀರಿ. ಪ್ರಾರ್ಥನೆ ಹೇಳ್ಕೊಂಡು."

"ಡಾಕ್ಟರು ಹೇಳೋಕಾಗಲ್ಲ ಅಂದ್ರು."

"ನಾನು ಹೇಳ್ತೀನಿ."

"ನಿನ್ನ ಮಗಳು ಅಂತೀಯಲ್ಲ, ಅವಳಿಗೆ ಜ್ವರ ಬಂದಾಗೆಲ್ಲ ನೀನೆಲ್ಲಿದ್ದೆ? ಯಾರ್ಯಾರದೋ ರಕ್ತ ನೋಡ್ತಾ ಕೂತಿದ್ದೆ."

ಅನ್ನಬಾರದಿತ್ತು. ಅಂದೆ. ಇನ್ನೂ ಅನ್ನುವುದಿತ್ತು.

ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. "ನೀವಿದ್ದೀರಿ ಅಂತ ನಂಬಿ ಹೋಗಿದ್ದೆ ಅಕ್ಕ" ಅಂದಳು. ಬಿಲ್ಲೆಗಳನ್ನು ಅಲ್ಲೇ ಬಿಟ್ಟು ಮೇಲೆ ಹೋದಳು.

ಇವರು ಬಂದು ಬಗ್ಗಿ ನೋಡಿ, "ಇದೇನು, ಮೊಸರಾ?" ಅಂದರು. ದೇವರೇ, ಈ ಗಂಡಸಿಗೇನು ಹೇಳಲಿ.

ಏಪ್ರಿಲ್ ೨೫, ಶುಕ್ರವಾರ

ಎಲ್ಲ ಬಟ್ಟೆಯನ್ನೂ ಕುದಿಸಿದೆ. ಸ್ಪಂಜು ಬಿಸಾಡಿದೆ. ಮೊಳೆ ಕಿತ್ತೆ. ದೇವರ ಮುಂದೆ ಕೂತರೆ ಜಪ ಬರಲಿಲ್ಲ.

ಮೇ ೧೧, ಭಾನುವಾರ

ಬರೆಯಲು ಮನಸ್ಸೇ ಇರಲಿಲ್ಲ. ಇವತ್ತು ಒಲೆ ಎರಡಾಯಿತು.

ಮೇಲಿನ ಸಣ್ಣ ಕೋಣೆಯಲ್ಲಿ ಕಟ್ಟೆ ಹಾಕಿಸಿದ್ದಾರೆ. ಸಿಲಿಂಡರ್ ಬಂತು. ಮೈದುನ ನನ್ನ ಮುಖ ನೋಡದೆ ಪಾತ್ರೆ ಪಾಲು ಮಾಡಿದ. ಇವರು ಅಮ್ಮನ ಮಾತು ಎತ್ತಿದರು. ಮೈದುನ ಅಂದ, "ಅಣ್ಣ, ಅಮ್ಮ ಇದ್ದಿದ್ರೆ ಆ ಬಿಲ್ಲೆ ನೋಡಿ ಏನಂತಿದ್ಲು?" ಇವರು ಪೇಪರ್ ಎತ್ತಿಕೊಂಡರು. ನನ್ನ ಪರವಾಗಿ ಒಂದು ಮಾತು ಬರಬಹುದು ಅಂತ ಕಾದೆ. ಕಾದಿದ್ದೇ ಬಂತು.

ಗುಬ್ಬಿಯ ತಟ್ಟೆ ನಾನೇ ಕೊಟ್ಟೆ. ಲೋಟ, ಚಮಚ. ಲ್ಯಾಬಮ್ಮ ತುದಿಬೆರಳಲ್ಲಿ ಹಿಡಿದುಕೊಂಡಳು.

"ಗುಬ್ಬಿ ಕೆಳಗೆ ಬರಬಹುದು ಅಕ್ಕ. ಆಡಬಹುದು. ಏನೂ ತಿನ್ನೋದು ಬೇಡ. ನೀರು ಕೂಡ ಅವಳ ಬಾಟ್ಲಿಯದೇ."

"ಆಯ್ತು ತಾಯಿ."

ನಾಲ್ವರು ಕೂಲಿಯವರು ಬಂದು ಮಷಿನ್ನನ್ನೂ ಮೇಲೆ ಹೊತ್ತರು. ಅದಿದ್ದ ಜಾಗದಲ್ಲಿ ನೆಲ ಬೇರೆ ಬಣ್ಣ.

ಸಂಜೆ "ಹಸಿವು" ಅನ್ನುವ ಗುಬ್ಬಿಯ ದನಿ ಮೇಲಿನಿಂದ ಕೇಳಿತು.

ಮೇ ೧೩, ಮಂಗಳವಾರ

ಇಬ್ಬರ ಅಡುಗೆ. ಎರಡು ತಟ್ಟೆ. ತಿಕ್ಕಿದ್ದು ಯಾವಾಗ ಮುಗಿಯಿತೋ ಗೊತ್ತಾಗಲಿಲ್ಲ. ಜಪ ಶುರುವಾಗುವ ಮೊದಲೇ ಪಾತ್ರೆ ಮುಗಿಯುತ್ತದೆ.

ಮೇ ೧೬, ಶುಕ್ರವಾರ

ನಕ್ಕೆ ಇವತ್ತು. ಎಷ್ಟು ದಿನವಾಗಿತ್ತು.

ಮಷಿನ್ ಮೇಲೆ ನಡೆಯುತ್ತಿಲ್ಲ. ಟ್ಯಾಂಕ್ ಅವರ ತಲೆಯ ಮೇಲೇ ಇದೆ, ಆದ್ದರಿಂದ ನೀರಿಗೆ ಜೋರಿಲ್ಲ. ಹತ್ತಿರವಿದ್ದಷ್ಟೂ ನಲ್ಲಿ ಸಣ್ಣಗೆ ಬರುತ್ತದೆ. ಪೆಟ್ಟಿಗೆ ನೀರಿಗೆ ಕಾದು ಕಾದು ಪಿಂಯ್ ಪಿಂಯ್ ಅಂತ ಅಳುತ್ತದೆ. ಮೆಕ್ಯಾನಿಕ್ ಬಂದು, "ಇದು ಕೆಳಗೇ ಇರಬೇಕಮ್ಮ, ಇಲ್ಲಾಂದ್ರೆ ಪಂಪ್ ಹಾಕಿಸಿ" ಅಂದನಂತೆ. ಪಂಪ್ ಹಾಕಿಸುವ ಮಾತಿಗೆ ಮೈದುನ ಕೈಯೆತ್ತಿಬಿಟ್ಟ.

ಅವೇ ನಾಲ್ವರು ಬಂದು ಇಳಿಸಿದರು. ಅದೇ ಜಾಗಕ್ಕೆ. ನೆಲದ ಬಣ್ಣಕ್ಕೆ ಸರಿಯಾಗಿ ಕೂತಿತು.

ಲ್ಯಾಬಮ್ಮ ಬಾಗಿಲಲ್ಲಿ ನಿಂತು, "ನಿಮಗೆ ತೊಂದರೆ" ಅಂದಳು.

"ನನಗೇನು ತೊಂದರೆ. ನಿನ್ನ ಮಷಿನ್ನು. ಜಾಗಕ್ಕೆ ಬಾಡಿಗೆ ಕೇಳಲ್ಲ."

"ನಮ್ಮ ಪಾತ್ರೆ ತಂದು ಹಾಕ್ತೀವಿ. ನಿಮ್ಮದೂ ಹಾಕಿ. ತುಂಬದೆ ಓಡಿಸಿದ್ರೆ ನೀರು ದಂಡ."

"ನೀರಿನ ವಿಷಯ ನನಗೆ ಹೇಳ್ಕೊಡ್ಬೇಡ. ಬಕೆಟ್ ಬಕೆಟ್ ಕಲಿಸಿದ್ದೀಯ."

ತುಟಿಯಂಚು ಅಲುಗಿತು. ನಗುವೋ ಏನೋ. ನೋಡಲು ಹೋಗಲಿಲ್ಲ.

ಮೇ ೨೦, ಮಂಗಳವಾರ, ಸಂಜೆ ನಾಲ್ಕು

ಮೈದುನ ಮೇಲೆಯೇ ಕೂತು ಅಂಗಡಿಗಳ ಲೆಕ್ಕ ಬರೆಯುವವನು. ಮೂರು ದಿನ ಪಾತ್ರೆಯ ಬುಟ್ಟಿ ಹೊತ್ತು ತಂದ. ಇವತ್ತು ಅವನಿಗೆ ಬೇಜಾರಾಯಿತು. ಮೆಟ್ಟಿಲ ಮೇಲೆ ಸಣ್ಣ ಹೆಜ್ಜೆ. ಚಮಚಗಳ ಗಲಗಲ.

ಗುಬ್ಬಿ. ಬುಟ್ಟಿ ಎದೆಗವಚಿಕೊಂಡು.

"ದೊಡ್ಡಮ್ಮ, ಹಸಿ—" ಅಂದು ನಿಲ್ಲಿಸಿದಳು. ಆಮೇಲೆ, "ಹಸಿವಿಲ್ಲ" ಅಂದಳು.

ಒಲೆಯ ಮೇಲೆ ಬಿಸಿ ಹಾಲಿತ್ತು. ಕೊಡಲಿಲ್ಲ. ಕೊಟ್ಟ ಮಾತು ಕೊಟ್ಟದ್ದೇ, ಅವಳಿಗೆ ಕೊಟ್ಟದ್ದಾದರೂ.

ಇಬ್ಬರೂ ಸೇರಿ ಜೋಡಿಸಿದೆವು. ಕೆರೆದು, ತೊಳೆಯದೆ. ಗುಬ್ಬಿಯ ತಟ್ಟೆ ಬಂದಾಗ ಕೈ ನಿಂತಿತು. ಕೆಳಗಿನ ಸಾಲಿನಲ್ಲಿ, ನೀರು ಜೋರಾಗಿ ಚಿಮ್ಮುವ ಕಡೆ ಮುಖ ಮಾಡಿ, ನಾನೇ ಇಟ್ಟೆ. ಮೊದಲ ಸಲ. ಬಾಗಿಲು ಮುಚ್ಚುವ ಮುಂಚೆ ಒಂದು ಪ್ರಾರ್ಥನೆ. ಅದನ್ನು ಯಾವ ಬಿಲ್ಲೆಯಲ್ಲಿ ಬೆಳೆಸುತ್ತಾಳೋ ಬೆಳೆಸಲಿ.

"ಅಪ್ಪ ಹೇಳಿದ್ರು, ಮುಗಿದ ಮೇಲೆ ತಟ್ಟೆ ತಗೊಂಡು ಬಾ ಅಂತ. ಮೇಲೆ ಬೇರೆ ತಟ್ಟೆ ಕಡಿಮೆ. ಎಷ್ಟು ಹೊತ್ತಾಗುತ್ತೆ?"

ಮಷಿನ್ನಿನಲ್ಲಿ ಒಂದು ಗಂಟೆಯ ಗುಂಡಿ ಇದೆ. ಆಟೋ ಇದೆ. ಇಕೋ ಇದೆ. ಈ ಇಕೋವನ್ನು ನಾನು ಬೈದಷ್ಟು ಯಾರೂ ಬೈದಿಲ್ಲ — ನಾಲ್ಕು ತಟ್ಟೆಗೆ ಮೂರೂವರೆ ಗಂಟೆಯಾ, ಅಷ್ಟರಲ್ಲಿ ಒಂದು ಹಸು ಕರು ಹಾಕುತ್ತದೆ ಅಂತ.

ಇಕೋ ಒತ್ತಿದೆ. ನೀರು ಉಳಿಯುತ್ತದೆ. ದೇವರಿಗೂ ಮೆಚ್ಚುಗೆ.

"ಹೋಗಿ ರಜೆಯ ಹೋಮ್‌ವರ್ಕ್ ತಗೊಂಡು ಬಾ" ಅಂದೆ.

ಮೇ ೨೮, ಬುಧವಾರ

ದಿನಾ ಬರುತ್ತಿದ್ದಾಳೆ. ನಾಲ್ಕಕ್ಕೆ ಬುಟ್ಟಿ, ಲ್ಯಾಬಮ್ಮ ಬರುವ ಹೊತ್ತಿಗೆ ಮುಗಿತಾಯ. ಅಷ್ಟು ಹೊತ್ತು ನನ್ನ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂರುತ್ತಾಳೆ. ಒಳಗೆ ನೀರಿನ ಸುಯ್ ಸುಯ್. ಅದರ ತಾಳಕ್ಕೆ ನನ್ನ ಜಪ. ಕೈಯಲ್ಲಿ ಏನೂ ಇಲ್ಲ, ಆದರೂ ಬರುತ್ತಿದೆ.

ಗುಬ್ಬಿ ತನ್ನ ಬಾಟ್ಲಿಯ ನೀರು ಕುಡಿಯುತ್ತಾಳೆ. ನನ್ನ ಅಡುಗೆಯ ವಾಸನೆ ಮೂಸುತ್ತಾಳೆ. "ಏನು ಹುರಿದಿದ್ದೀಯ ದೊಡ್ಡಮ್ಮ?" "ಆಲೂಗಡ್ಡೆ." "ಕೆಂಪಗಾ?" "ಕೆಂಪಗೆ." ಇಷ್ಟೇ. ಮೂಸಬಾರದು ಅಂತ ಅವಳಮ್ಮ ಹೇಳಿಲ್ಲ.

ಜೂನ್ ೩, ಮಂಗಳವಾರ

ಗೊತ್ತಾಯಿತು ಅವಳಿಗೆ. ಗೊತ್ತಾಗದೇ ಇರುತ್ತದೆಯೇ, ಓದಿದವಳು.

ಬೇಗ ಬಂದಳು ಇವತ್ತು. ಬಾಗಿಲಲ್ಲಿ ನಿಂತು ಮಷಿನ್ನಿನ ಮೇಲಿನ ಅಂಕಿ ನೋಡಿದಳು. ಮೇಜಿನ ಮೇಲಿನ ಪುಸ್ತಕ ನೋಡಿದಳು. ಆಮೇಲೆ ನನ್ನನ್ನು.

"ಗುಬ್ಬಿ, ಮೇಲೆ ಹೋಗು."

ಹೋದಳು.

"ಒಂದು ಗಂಟೆಯದಿದೆ ಅಂತ ಗೊತ್ತಲ್ಲ ಅಕ್ಕ ನಿಮಗೆ?"

"ಗೊತ್ತು."

"ಮತ್ತೆ?"

"ಅದು ನೀರು ಜಾಸ್ತಿ ಕುಡಿಯುತ್ತೆ. ನೀನೇ ಹೇಳಿದ್ದು."

"ಮೊದಲು ಇದಕ್ಕೆ ಬೈತಿದ್ರಿ."

"ಬುದ್ಧಿ ಬಂತು."

ಅವಳ ಕಣ್ಣ ಕೆಳಗೆ ಕಪ್ಪಾಗಿದೆ. ಕೆಲಸ ಮುಗಿಸಿ ಬಂದು ಈಗ ಅಡುಗೆಯೂ ಅವಳದೇ. ಪಾಪ ಅನ್ನಿಸಬೇಕಿತ್ತು. ಅನ್ನಿಸುವಷ್ಟರಲ್ಲಿ ಮಾತಾಡಿದಳು.

"ನಾಳೆಯಿಂದ ಒಂದು ಗಂಟೆಯದೇ ಹಾಕಿ. ಅವಳು ಬೇಗ ಮೇಲೆ ಬರಲಿ."

"ನಾನು ಗುಂಡಿ ಮುಟ್ಟೋದೇ ಇಲ್ಲ. ನಿನ್ನ ಮಷಿನ್ನು, ನಿನ್ನ ಮಗಳು. ಅವಳಿಗೇ ಹೇಳು, ಅವಳೇ ಒತ್ತಲಿ."

"ಹೇಳ್ತೀನಿ."

"ಹೇಳು."

ಹೋದಳು. ಮೆಟ್ಟಿಲು ಹತ್ತುವ ಸದ್ದು ಸುಸ್ತಾದದ್ದಾಗಿತ್ತು.

ದೇವರೇ, ಒಂದು ಗಂಟೆಯನ್ನಾದರೂ ಉಳಿಸಿದೆಯಲ್ಲ. ಥ್ಯಾಂಕ್ಸ್ ಹೇಳಬೇಕು. ನಾಳೆ ಹೇಳುತ್ತೇನೆ.

ಜೂನ್ ೫, ಗುರುವಾರ, ಸಂಜೆ

ನಿನ್ನೆ ಒಂದು ಗಂಟೆಯದೇ ಆಯಿತು. ಗುಬ್ಬಿಯೇ ಒತ್ತಿದ್ದು, ತಲೆ ತಗ್ಗಿಸಿಕೊಂಡು. ಗಣಿತ ಅರ್ಧಕ್ಕೇ ನಿಂತಿತು. ಪಿಂಯ್ ಅಂದಾಗ ತಟ್ಟೆ ತೆಗೆದುಕೊಂಡಳು, ಇನ್ನೂ ಕೈ ಸುಡುವಷ್ಟು ಬಿಸಿ. ಬಟ್ಟೆ ಕೊಡಲು ಹೋದೆ, ಹೊಸದು, ಕುದಿಸಿದ್ದು. ಕೊಡಲಿಲ್ಲ. ಫ್ರಾಕಿನ ತುದಿಯಲ್ಲಿ ಹಿಡಿದುಕೊಂಡು ಹೋದಳು.

ಇವತ್ತು ಬಂದಳು. ಇಬ್ಬರೂ ಜೋಡಿಸಿದೆವು. ಬಾಗಿಲು ಹಾಕಿದೆವು. ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ, ಕೈ ಹಿಂದೆ ಕಟ್ಟಿಕೊಂಡು. ಹೇಳಿಕೊಟ್ಟೆ ಅನ್ನುವ ಮಾತು ಬೇಡ.

ಗುಬ್ಬಿಯ ಬೆರಳು ಒಂದು ಗಂಟೆಯ ಗುಂಡಿಯ ಮೇಲೆ ನಿಂತಿತು. ಮೆಟ್ಟಿಲ ಕಡೆ ಒಂದು ಸಲ ನೋಡಿದಳು. ಬೆರಳು ಸರಿಯಿತು. ಒತ್ತಿದಳು. ಅಂಕಿ ಬೆಳಗಿತು — ಮೂರೂವರೆ.

"ಅಮ್ಮ ಬೈತಾಳೆ" ಅಂದೆ.

"ಅಮ್ಮನೇ ಹೇಳ್ಕೊಟ್ಟಿದ್ದು ದೊಡ್ಡಮ್ಮ. ನೀರು ಉಳಿಸ್ಬೇಕು ಅಂತ."

ನಾನು ಹೇಳಿಕೊಟ್ಟದ್ದಲ್ಲ. ದೇವರಾಣೆ.

ಈಗ ಮೇಜಿನ ಆ ಕಡೆ ಅವಳು ಬರೆಯುತ್ತಿದ್ದಾಳೆ, ಈ ಕಡೆ ನಾನು. ನಿನ್ನೆಯ ಅರ್ಧ ಗಣಿತ ಮುಗಿಯಿತು. ಇನ್ನೂ ಬೇಕಾದಷ್ಟು ಹೊತ್ತ—

ಗೇಟಿನ ಸದ್ದು. ಇವತ್ತೂ ಬೇಗ ಬಂದಿದ್ದಾಳೆ. ಮೆಟ್ಟಿಲ ಹತ್ತಿರ ಚಪ್ಪಲಿ ನಿಂತಿತು. ಮೇಲೆ ಹತ್ತಲಿಲ್ಲ. ಇತ್ತ ತಿರುಗಿತು. ಗುಬ್ಬಿ ತಲೆ ಎತ್ತದೆ ಬರೆಯುತ್ತಿದ್ದಾಳೆ. ನಾನೂ ತಲೆ ಎತ್ತದೆ—